ಐವರಿಗೊಂದು ಗಣಕಯಂತ್ರ

ನಾನು ಉಪಾಧ್ಯಾಯನಾಗಿದ್ದ ಹಳ್ಳಿಯ ಶಾಲೆಗೆ ಮೊದಲ ಬಾರಿಗೆ ಗಣಕಯಂತ್ರ ಬಂದ ದಿನ ಮಕ್ಕಳ ಸಂಭ್ರಮ ಹೇಳತೀರದು. ಯಂತ್ರ ಒಂದು, ಮಕ್ಕಳು ನಲವತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತು. ಮೇಜಿನ ಸುತ್ತ ಎಂಟು ಹತ್ತು ತಲೆಗಳು ಬಾಗಿರುತ್ತಿದ್ದವು. ಆದರೆ ಮೌಸಿನ ಮೇಲಿದ್ದ ಕೈ ಮಾತ್ರ ದಿನವೂ ಒಂದೇ. ತರಗತಿಯಲ್ಲಿ ಎಲ್ಲರಿಗಿಂತ ಮುಂದಾಗಿ ನುಗ್ಗುವ ಹುಡುಗನ ಕೈ ಅದು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಪುಸ್ತಕದ ರಟ್ಟಿನ ಮೇಲೆ ತನ್ನ ಅಂಗೈಯನ್ನು ಅತ್ತಿತ್ತ ಸರಿಸುತ್ತ ಪರದೆಯನ್ನೇ ನೋಡುತ್ತಿದ್ದಳು. ಸರದಿಯನ್ನು ಏರ್ಪಡಿಸಿ ನೋಡಿದೆ. ನಲವತ್ತು ನಿಮಿಷದ ಪಾಠದಲ್ಲಿ ಒಬ್ಬೊಬ್ಬರ ಪಾಲಿಗೆ ಬಂದುದು ಒಂದೊಂದು ನಿಮಿಷ!

ಇಂತಹ ದೃಶ್ಯ ಬೇರೆಯವರ ಕಣ್ಣಿಗೂ ಬಿದ್ದಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಕೆಂಟಾರೊ ತೊಯಾಮಾ, ಉದಯ್ ಸಿಂಗ್ ಪವಾರ್ ಹಾಗೂ ಅವರೊಡನೆ ಜೋಯೋಜೀತ್ ಪಾಲ್ ಮೊದಲಾದವರು ಗ್ರಾಮೀಣ ಶಾಲೆಗಳ ಈ ತೊಡಕಿನ ಬಗೆಗೆ ಚಿಂತಿಸಿದರು. ಪ್ರತಿ ಮಗುವಿಗೂ ಒಂದು ಯಂತ್ರವನ್ನು ಕೊಡಿಸುವ ಶಕ್ತಿ ಬಡ ಶಾಲೆಗೆ ಎಲ್ಲಿಯದು? ಪ್ರತಿ ಮಗುವಿಗೂ ಒಂದು ಮೌಸನ್ನು ಕೊಟ್ಟರೆ ಹೇಗೆ?

ಒಂದು ಯಂತ್ರಕ್ಕೆ ಎರಡು ಮೌಸ್‌ಗಳನ್ನು ಜೋಡಿಸುವುದೇನೂ ಕಷ್ಟವಲ್ಲ. ಆದರೆ ಆಗಲೂ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಒಂದೇ ಬಾಣ. ಒಬ್ಬನು ಎಡಕ್ಕೂ ಇನ್ನೊಬ್ಬನು ಬಲಕ್ಕೂ ಸರಿಸಿದರೆ, ಹೊಂದಿಕೆಯಿಲ್ಲದ ಎತ್ತುಗಳನ್ನು ಹೂಡಿದ ಬಂಡಿಯಂತೆ ಆ ಬಾಣ ತತ್ತರಿಸುತ್ತದೆ. ಪರದೆಯ ಮುಂದೆ ಕುಳಿತಿರುವವನು ಒಬ್ಬನೇ ಎಂಬ ಎಣಿಕೆಯಿಂದ ಕಟ್ಟಿದ ವ್ಯವಸ್ಥೆಯಾದ್ದರಿಂದ, ಎಲ್ಲ ಮೌಸ್‌ಗಳ ಚಲನೆಯನ್ನೂ ಅದು ಒಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಸಂಶೋಧಕರು ರಚಿಸಿದ ತಂತ್ರಾಂಶವು ಯಾವ ಚಲನೆ ಯಾವ ಮೌಸಿನದೆಂಬುದನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಬೇರೆ ಬಣ್ಣದ ಬಾಣವನ್ನು ತೋರಿಸಿತು. ಐದು ಮಕ್ಕಳು, ಐದು ಬಣ್ಣ. ತನ್ನ ಬಾಣ ಯಾವುದೆಂದು ಯಾವ ಮಗುವೂ ಕೇಳಬೇಕಾಗಿಲ್ಲ. ಈ ಕಲ್ಪನೆ ಪೂರ್ಣವಾಗಿ ಹೊಸದೆನ್ನುವಂತಿಲ್ಲ. 1991ರಷ್ಟು ಹಿಂದೆಯೇ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧಕರು ಒಂದು ಪರದೆಗೆ ಹಲವು ಮೌಸ್‌ಗಳನ್ನು ಜೋಡಿಸಿದ್ದರು. ಬಡ ಮಕ್ಕಳ ಶಾಲೆಗೆ ಅದು ಒದಗೀತೆಂಬುದನ್ನು ಪರೀಕ್ಷಿಸಿ ನೋಡಿದುದು ಇಲ್ಲಿನ ವಿಶೇಷ.

ಆ ಪರೀಕ್ಷೆಯ ವಿವರ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡವರು ಗ್ರಾಮೀಣ ಭಾರತದ 238 ಮಕ್ಕಳು. ಪಾಠ ಇಂಗ್ಲಿಷ್ ಪದಗಳದು. ಕೆಲವರಿಗೆ ಇಡೀ ಯಂತ್ರವೇ ದೊರೆಯಿತು. ಕೆಲವರು ಗುಂಪಾಗಿ ಒಂದೇ ಮೌಸನ್ನು ಹಂಚಿಕೊಂಡರು. ಉಳಿದವರು ಐವರಿಗೆ ಐದು ಮೌಸ್‌ಗಳಂತೆ ಕುಳಿತರು. ಕಲಿತ ಪದಗಳನ್ನು ಲೆಕ್ಕ ಹಾಕಿದಾಗ, ಒಟ್ಟಿನಲ್ಲಿ ಐದು ಮೌಸ್‌ಗಳ ಗುಂಪಿನವರು ಇಡೀ ಯಂತ್ರವನ್ನು ಪಡೆದವರಿಗೆ ಸರಿಸಮನಾಗಿದ್ದರು.

ಆದರೆ ಇಲ್ಲಿ ಇನ್ನೊಂದು ಮಾತುಂಟು. ನನಗಂತೂ ಎಲ್ಲಕ್ಕಿಂತ ಕುತೂಹಲಕರವಾಗಿ ತೋರಿದುದು ಅದೇ. ಐದು ಮೌಸ್‌ಗಳ ಆಟವನ್ನು ಎರಡು ಬಗೆಯಲ್ಲಿ ಆಡಿಸಿದ್ದರು. ಒಂದು ಪಂದ್ಯದ ಬಗೆ: ಯಾರಾದರೊಬ್ಬರು ಸರಿಯುತ್ತರವನ್ನು ಒತ್ತಿದೊಡನೆ ಪರದೆ ಮುಂದಕ್ಕೆ ಹೋಗುತ್ತದೆ. ಇನ್ನೊಂದು ಒಮ್ಮತದ ಬಗೆ: ಐವರೂ ಸರಿಯುತ್ತರವನ್ನು ಒತ್ತುವವರೆಗೆ ಪರದೆ ಕದಲುವುದಿಲ್ಲ. ಪಂದ್ಯದಲ್ಲಿ ಹುಡುಗರು ಮೊದಲಿಗರಾಗುವ ಆತುರಕ್ಕೆ ಬಿದ್ದರು. ಅವರು ಕಲಿತ ಪದಗಳು ಕಡಿಮೆಯಾದವು. ಒಮ್ಮತದ ಆಟದಲ್ಲಾದರೋ ಚುರುಕಾದವನಿಗೂ ಕಾಯದೆ ಗತ್ಯಂತರವಿಲ್ಲ. ಪಕ್ಕದವನಿಗೆ ಪದದ ಅರ್ಥವನ್ನು ಹೇಳಿಕೊಟ್ಟರೆ ಮಾತ್ರ ಅವನ ದಾರಿ ತೆರೆದೀತು. ಅಲ್ಲಿ ಅದೇ ವಯಸ್ಸಿನ ಹುಡುಗರು ಚೆನ್ನಾಗಿ ಕಲಿತರು. ಹುಡುಗಿಯರ ಕಲಿಕೆಯಾದರೋ ಆಟ ಬದಲಾದರೂ, ಕುಳಿತ ಏರ್ಪಾಟು ಬದಲಾದರೂ, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು.