ಐಸಿಯು ಡಾಕ್ಟರಮ್ಮನಿಗೆ ಒಂದು ಕಾಗದ



ಕೆ.ಆರ್. ಪುರದ ಆಸ್ಪತ್ರೆಯೊಂದರ ಐಸಿಯುಗೆ ಸೇರಿದ್ದೀಯ. ಶಬ್ದತರಂಗದಿಂದ ಹೃದಯ ನೋಡುವ ಎಕೋ ವಿದ್ಯೆಯ ಎರಡು ದಿನದ ಕಾರ್ಯಾಗಾರಕ್ಕೆ ದುಡ್ಡು ಕಟ್ಟಲೋ ಬೇಡವೋ ಎಂದು ಕೇಳಿದ್ದೀಯ. ಕಟ್ಟು. ಆದರೆ ಅಲ್ಲಿ ಕೊಡುವ ಸರ್ಟಿಫಿಕೇಟಿಗೆ ಈಗಲೇ ಕಟ್ಟು ಹಾಕಿಸಬೇಡ. ನಿನ್ನ ವಾರಿಗೆಯವರಿಗೂ ಇದೇ ಅನುಮಾನ ಇರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಈ ವಿದ್ಯೆ ನಿನಗೇಕೆ ಬೇಕು ಎಂಬುದು ಮಳೆಗಾಲದ ಡೆಂಗಿ ರೋಗಿಯ ಮುಂದೆ ನಿಂತಾಗ ತಿಳಿಯುತ್ತದೆ. ಬಿಪಿ ಇಳಿದಿದೆ. ರಕ್ತನಾಳಗಳಿಂದ ದ್ರವ ಸೋರಿ ಒಳಗೆ ಬರಿದಾಗಿದ್ದರೆ ಸಲೈನ್ ಕೊಡಬೇಕು. ಡೆಂಗಿ ಹೃದಯದ ಸ್ನಾಯುವನ್ನೇ ಸೋಲಿಸಿದ್ದರೆ ಅದೇ ಸಲೈನ್ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಪಕ್ಕದ ಹಾಸಿಗೆಯವನ ಬಿಪಿ ಇಳಿದದ್ದಕ್ಕೆ ಕಾರಣ ಕ್ಷಯದಿಂದ ಹೃದಯದ ಸುತ್ತ ತುಂಬಿಕೊಂಡ ನೀರಿರಬಹುದು. ಮಾನಿಟರ್ ಮಾತ್ರ ಇಬ್ಬರಿಗೂ ಒಂದೇ ಅಂಕಿ ತೋರಿಸುತ್ತಿರುತ್ತದೆ. ವೆಂಟಿಲೇಟರ್ ಮೇಲಿರುವವರನ್ನು ಎಕೋ ರೂಮಿಗೆ ಸಾಗಿಸುವುದೇ ಒಂದು ಗಂಡಾಂತರ. ಹೃದ್ರೋಗ ತಜ್ಞರನ್ನು ಕರೆಸೋಣವೆಂದರೆ, ಸಂಜೆ ಏಳಕ್ಕೆ ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಬರುವುದು ಎಂಥದ್ದೆಂದು ನಿನಗೆ ನಾನು ಹೇಳಬೇಕಿಲ್ಲ.

ಎಕೋ ಬಹಳ ಕಾಲ ಹೃದ್ರೋಗ ವಿಭಾಗದ ಸ್ವತ್ತಾಗಿತ್ತು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬಿಬ್ಬರು ಮೊದಲ ಬಾರಿಗೆ ಶಬ್ದತರಂಗದಿಂದ ಹೃದಯದ ಚಲನೆ ದಾಖಲಿಸಿದಾಗ ಬಳಸಿದ್ದು ಲೋಹದಲ್ಲಿ ಬಿರುಕು ಹುಡುಕುವ ಯಂತ್ರ, ಅದೂ ಎರವಲು ತಂದದ್ದು. ಹಾಗಾಗಿ ಇದು ಇಂಥವರದೇ ಸೊತ್ತು ಅಂತ ಯಾರಾದರೂ ಗದರಿದರೆ ಹೆದರಬೇಡ. ಐಸಿಯು ವೈದ್ಯರಿಗೆ ಎಷ್ಟು ಗೊತ್ತಿರಬೇಕು ಎಂಬುದನ್ನು 2009ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ತಜ್ಞ ಸಂಘಗಳು ಸೇರಿ ಬರೆದವು. 2011ರ ಅಂತರರಾಷ್ಟ್ರೀಯ ಹೇಳಿಕೆ ಮೊದಲ ಹಂತದ ಎಕೋಗೆ ಹತ್ತು ಗಂಟೆಯ ಪಾಠ, ಬಲ್ಲವರ ಕಣ್ಗಾವಲಿನಲ್ಲಿ ಮಾಡಿದ ಸುಮಾರು 30 ಪರೀಕ್ಷೆ ಎಂದಿತು. ಎರಡು ದಿನದಲ್ಲಿ ಹತ್ತು ಗಂಟೆಯ ಪಾಠ ಮುಗಿದೀತು, ಆ ಮೂವತ್ತು ಮುಗಿಯುವುದಿಲ್ಲ.

ಕಾರ್ಯಾಗಾರದಲ್ಲಿ ಮಲಗುವವರು ತೆಳ್ಳಗಿನ ಆರೋಗ್ಯವಂತ ಹುಡುಗರು. ಎಡಕ್ಕೆ ತಿರುಗು ಅಂದರೆ ತಿರುಗುತ್ತಾರೆ, ಉಸಿರು ಹಿಡಿ ಅಂದರೆ ಹಿಡಿಯುತ್ತಾರೆ. ನಿನ್ನ ರೋಗಿ ಅಂಗಾತ ಮಲಗಿರುತ್ತಾನೆ. ವೆಂಟಿಲೇಟರ್ ಊದಿದ ಶ್ವಾಸಕೋಶ ಹೃದಯಕ್ಕೆ ಪರದೆ ಎಳೆದಿರುತ್ತದೆ, ಎದೆಯ ಮೇಲೆ ಡ್ರೆಸ್ಸಿಂಗ್ ಬೇರೆ. ಆಗ ಎದೆಮೂಳೆಯ ಕೆಳಗಿನಿಂದ ಮೇಲ್ಮುಖವಾಗಿ ನೋಡುವ ಕಿಟಕಿಯೇ ಗತಿ. ತರಗತಿಯಲ್ಲಿ ಅದನ್ನು ಕೊನೆಗೆ ಆತುರದಲ್ಲಿ ತೋರಿಸಿ ಮುಗಿಸುತ್ತಾರೆ. ನೀನು ಅದರಿಂದಲೇ ಶುರು ಮಾಡು.

ಹಿಂತಿರುಗಿದ ಮೇಲೆ ನಿನ್ನ ನಿಜವಾದ ಗುರು ಎಕೋ ಟೆಕ್ನಿಷಿಯನ್. ಬೆಳಗಿನ ಹೊತ್ತು ಒಪಿಡಿ ಎಕೋ ರೂಮಿನಲ್ಲಿ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂರು, ಎಂಡಿ ಮಾಡಿದವಳೆಂಬ ಬಿಂಕ ಹೊರಗಿಟ್ಟು ಬಾ. ಆಪರೇಷನ್ನಿಗೆ ಮುಂಚೆ ಎಕೋ ಮಾಡಿಸಿಕೊಳ್ಳಲು ಬಂದವರಲ್ಲಿ ಅನೇಕರ ಹೃದಯ ಚೆನ್ನಾಗಿಯೇ ಇರುತ್ತದೆ. ಅದನ್ನೇ ನೋಡುತ್ತಾ ಹೋಗು. ಬಲಕೋಣೆ ಎಡಕೋಣೆಯ ಸುಮಾರು ಮೂರನೇ ಎರಡರಷ್ಟಿರುತ್ತದೆ ಎಂಬುದು ಕಣ್ಣಿಗೆ ಇಳಿದರೆ, ಶ್ವಾಸಕೋಶಕ್ಕೆ ಹೆಪ್ಪು ಬಡಿದು ಎರಡೂ ಸಮನಾದ ದಿನ ಅಳತೆಪಟ್ಟಿ ಬೇಡ.

ಪ್ರೋಬ್ ಮುಟ್ಟುವ ಮುನ್ನ ಕೇಸ್‌ಶೀಟಿನಲ್ಲಿ ಪ್ರಶ್ನೆ ಬರೆ. ಎಡಕೋಣೆ ಹಿಂಡುತ್ತಿದೆಯೇ? ಬಲಕೋಣೆ ಉಬ್ಬಿದೆಯೇ? ಸುತ್ತ ನೀರಿದೆಯೇ? ಒಳಗೆ ಬರಿದಾಗಿದೆಯೇ? ಇಷ್ಟು ನಿನ್ನ ಪಾಲು. ಕವಾಟ ಎಷ್ಟು ಸೋರುತ್ತಿದೆ, ಗೋಡೆಯ ಯಾವ ತುಂಡು ಆಡುತ್ತಿಲ್ಲ ಎಂಬುದೆಲ್ಲ ಹೃದ್ರೋಗದವರ ಪಾಲು. ಅನುಮಾನ ಬಂದರೆ ಫೋನ್ ಮಾಡು. ಕಾಣದ್ದನ್ನು ‘ಸರಿಯಾಗಿ ಕಾಣಲಿಲ್ಲ’ ಎಂದು ಬರೆ. ‘ಇಲ್ಲ’ ಎಂದು ಬರೆದರೆ ಮುಂದಿನ ಪಾಳಿಯವರು ಅದನ್ನು ನಂಬಿ ಹುಡುಕುವುದನ್ನೇ ಬಿಡುತ್ತಾರೆ.

ಹೃದಯಕ್ಕೆ ರಕ್ತ ತರುವ ಐವಿಸಿ ಎಂಬ ದೊಡ್ಡ ಸಿರೆಯ ಬಗ್ಗೆ ಒಂದು ಜಗಳ ಬಾಕಿಯಿದೆ. ಆ ಸಿರೆಯೊಂದನ್ನೇ ನೋಡಿ ಸಲೈನ್ ತೆರೆಯುವವರನ್ನು ಕಂಡರೆ ನನಗೆ ಸಿಟ್ಟು. ತಾನಾಗಿ ಉಸಿರಾಡುವವನಲ್ಲಿ ಉಸಿರೆಳೆದಾಗ ಅದು ಕುಗ್ಗುತ್ತದೆ, ವೆಂಟಿಲೇಟರ್ ಗಾಳಿ ಒತ್ತಿದಾಗ ಉಬ್ಬುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲದು. ರೋಗಿಯ ಕಾಲೆತ್ತಿಸಿ ಎಡಕೋಣೆಯಿಂದ ಹೊರಬೀಳುವ ಹರಿವು ಹೆಚ್ಚಿತೇ ಎಂದು ಡಾಪ್ಲರ್‌ನಲ್ಲಿ ನೋಡುವುದನ್ನು ಎರಡನೆಯ ವರ್ಷದಲ್ಲಾದರೂ ಕಲಿ. ಸಿಪಿಆರ್ ನಡುವೆ ನೋಡುವುದಾದರೆ ನಾಡಿ ನೋಡುವ ಹತ್ತು ಸೆಕೆಂಡಿನಲ್ಲೇ ಕ್ಲಿಪ್ ಹಿಡಿ, ಎದೆ ಒತ್ತುವುದು ಶುರುವಾದ ಮೇಲೆ ಕೂತು ನೋಡು.

ಜೇಬಿನಲ್ಲಿಡುವ ಪುಟ್ಟ ಯಂತ್ರ ಕೊಳ್ಳುವ ಆಸೆ ಸದ್ಯಕ್ಕೆ ಬಿಡು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಯಂತ್ರ, ಜಾಗ ಎರಡೂ ನೋಂದಣಿಯಾಗಬೇಕು. ಹೃದಯ ನೋಡಲು ಇಟ್ಟುಕೊಂಡದ್ದು ಎಂದರೆ ಅಧಿಕಾರಿಗಳು ಸುಮ್ಮನಾಗುವುದಿಲ್ಲ. ಬ್ಯಾಗಿನಲ್ಲಿ ಹಾಕಿಕೊಂಡು ಇಂದಿರಾನಗರದ ಇನ್ನೊಂದು ಆಸ್ಪತ್ರೆಗೆ ಒಯ್ದರೆ ತಾಪತ್ರಯ ನಿನಗೇ. ಈ ಕಿರಿಕಿರಿಗೆ ಕಾರಣವಾದದ್ದು ನಮ್ಮದೇ ಪಾಪ, ಗೊಣಗದೆ ಪಾಲಿಸು.

ಇನ್ನೊಂದು ಮಾತು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಬರುವವರಲ್ಲಿ ದಖನಿ ಆಡುವವರುಂಟು, ನಮ್ಮ ಹಲಸೂರಿನಲ್ಲಿ ತಮಿಳು, ನಿನ್ನ ಕಡೆ ತೆಲುಗು. ‘ಎಡಕ್ಕೆ ತಿರುಗಿ, ಉಸಿರು ಬಿಟ್ಟು ಹಿಡಿದುಕೊಳ್ಳಿ’ ಎಂಬಷ್ಟನ್ನು ಈ ಮೂರೂ ನುಡಿಯಲ್ಲಿ ಕಲಿತುಕೊ. ಹೆಂಗಸರಿಗೆ ಪರದೆ ಎಳೆದು, ಜೆಲ್ ತಣ್ಣಗಿರುತ್ತದೆ ಎಂದು ಮೊದಲೇ ಹೇಳಿ, ಮುಗಿದ ಮೇಲೆ ನೀನೇ ಒರೆಸು.

ಮಾಡಿದ ಪ್ರತಿ ಎಕೋವನ್ನೂ ಉಳಿಸಿಡು, ಕೆಟ್ಟದಾಗಿ ಬಂದದ್ದನ್ನೂ. ಮೂವತ್ತಾದ ಮೇಲೆ ಆಸ್ಪತ್ರೆಯವರ ಒಪ್ಪಿಗೆ ಪಡೆದು, ರೋಗಿಗಳ ಹೆಸರು ಅಳಿಸಿದ ಕ್ಲಿಪ್‌ಗಳನ್ನು ತೆಗೆದುಕೊಂಡು ಒಂದು ಭಾನುವಾರ ಮೆಟ್ರೋ ಹತ್ತಿ ಬಾ. ಕೂತು ನೋಡೋಣ.

ಇಂತಿ,
ನಿನ್ನ ಹಿರಿಯ