ಪಾಯ ಎಲ್ಲಿ ಮುಟ್ಟಿದೆ, ಅದನ್ನು ಕೇಳಿ

ಮೇಡ್ಲೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆ ಮನೆ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಮಾತು: ‘ಹಳೇ ಮನಿ ತಗೊಳ್ಳೋದ ಚಲೋನೋ, ಹೊಸಾದೋ?’ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಪಾಯ ಎಲ್ಲಿಗೆ ಮುಟ್ಟಿದೆ? ಮಳೆ ನೀರು ಎತ್ತ ಹರಿದು ಹೋಗುತ್ತದೆ? ಈ ಎರಡಕ್ಕೆ ಸರಿಯಾದ ಉತ್ತರ ಸಿಗುವತನಕ ಸಂಚಗಾರ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮನೆಗೆ ಐದು ವರ್ಷ ಆಗಿರಲಿ, ಎಂಬತ್ತು ವರ್ಷ ಆಗಿರಲಿ.

ಕಾರಣ ನಮ್ಮ ನೆಲ. ತುಂಗಭದ್ರೆಯ ಕಡೆಯ ಈ ಎರಿ ಭೂಮಿ ಹತ್ತಿಗೆ, ಜೋಳಕ್ಕೆ ಎಷ್ಟು ಒಳ್ಳೆಯದೋ ಗೋಡೆಗೆ ಅಷ್ಟೇ ಕೆಟ್ಟದ್ದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಕೈ ಇಳಿಯುವಷ್ಟು ಬಿರಿಯುವುದನ್ನೂ, ಮುಂಗಾರು ಬಿದ್ದ ಮೇಲೆ ಆ ಬಿರುಕು ಕೂಡಿಕೊಳ್ಳುವುದನ್ನೂ ಎಲ್ಲರೂ ಕಂಡಿದ್ದೇವೆ. ಅದೇ ಉಬ್ಬರ ಇಳಿತ ಮನೆಯ ಕೆಳಗೂ ವರ್ಷ ವರ್ಷ ನಡೆಯುತ್ತದೆ. ಬಿಸಿಲು ಮಳೆ ತಟ್ಟುವ ಮೇಲಿನ ಮಣ್ಣನ್ನು ದಾಟಿ, ಗಟ್ಟಿ ಗರಸು ಸಿಗುವತನಕ ಪಾಯ ತೋಡಿದ ಮನೆ ನಿಲ್ಲುತ್ತದೆ. ಎರಿಯ ಮೇಲೆಯೇ ಕೂತ ಮನೆ ಅಲುಗುತ್ತಲೇ ಇರುತ್ತದೆ. ಗರಸು ಬಹಳ ಆಳದಲ್ಲಿದ್ದರೆ ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ಕೊರೆದು ಇಳಿಸುವ ಕ್ರಮವಿದೆ. ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ಎರಿ ಮಣ್ಣಿಗೆಂದೇ ಇದನ್ನು ಬೆಳೆಸಿ ರೂಢಿಗೆ ತಂದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ನಮ್ಮ ಕಡೆ ಸಣ್ಣ ಮನೆಗೆ ಇಷ್ಟು ಮಾಡಿಸುವವರು ಕಡಿಮೆ. ಹಾಗಾಗಿಯೇ ಕೊಳ್ಳುವವರು ಕೇಳಬೇಕು.

ನನ್ನ ತಮ್ಮ ಮನೆ ಹುಡುಕುವಾಗ ಕೊನೆಗೆ ಎರಡು ಉಳಿದವು. ಒಂದು, ಮೇಡ್ಲೇರಿ ಊರೊಳಗಿನ ಹಳೆಯ ಮಾಳಿಗೆ ಮನೆ. ಇನ್ನೊಂದು, ರಾಣೇಬೆನ್ನೂರಿನ ಅಂಚಿಗೆ ಹೊಸ ಲೇಔಟಿನಲ್ಲಿ ಕಟ್ಟಿ ಮೂರು ವರ್ಷವಾದ ಆರ್‌ಸಿಸಿ ಮನೆ. ಮನೆಯವರೆಲ್ಲ ಹೊಸದರ ಕಡೆಗೇ ಇದ್ದರು. ಒಬ್ಬ ಸಿವಿಲ್ ಇಂಜಿನಿಯರನ್ನೂ ಊರಿನ ಹಿರಿಯ ಗೌಂಡಿಯೊಬ್ಬರನ್ನೂ ಕರೆದುಕೊಂಡು ಎರಡೂ ಮನೆ ತೋರಿಸೋಣ ಎಂದು ನಾನು ಹಟ ಹಿಡಿದೆ. ಇಬ್ಬರಿಗೂ ಸೇರಿ ಕೊಟ್ಟದ್ದು ಹತ್ತು ಸಾವಿರದೊಳಗೆ. ಲಕ್ಷಗಟ್ಟಲೆ ವ್ಯವಹಾರದಲ್ಲಿ ಇದಕ್ಕಿಂತ ಬೆಲೆಯುಳ್ಳ ಖರ್ಚು ಇನ್ನೊಂದಿಲ್ಲ. ವಾಸ್ತು ನೋಡಿಸುವವರು ನೋಡಿಸಲಿ, ಬೇಡ ಎನ್ನುವುದಿಲ್ಲ. ಅದರ ಜೊತೆಗೆ ಪಾಯ, ಜಂತಿ, ಸ್ಲ್ಯಾಬು ನೋಡುವ ಕಣ್ಣಿಗೂ ಕಾಣಿಕೆ ಇಡಬೇಕು.

ಹೊಸ ಮನೆಗೆ ಬಣ್ಣ ಆಗಷ್ಟೇ ಬಳಿದಿದ್ದರು. ಇಂಜಿನಿಯರ್ ಒಳಗೆ ಹೋಗಲೇ ಇಲ್ಲ, ಮೊದಲು ಹೊರಗಿನ ಗೋಡೆಯ ಬುಡ ಹಿಡಿದು ಸುತ್ತು ಹಾಕಿದರು. ಮನೆಯ ಸುತ್ತ ನೀರು ದೂರ ಹೋಗುವಂತೆ ಇಳಿಜಾರಿನ ಕಾಂಕ್ರೀಟ್ ಪಟ್ಟಿ ಹಾಕಿರಲಿಲ್ಲ. ತಾರಸಿಯ ಪೈಪು ನೇರ ಪಾಯದ ಪಕ್ಕದ ಮಣ್ಣಿಗೇ ನೀರು ಸುರಿಯುತ್ತಿತ್ತು. ಸಂಡಾಸದ ಗುಂಡಿ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಇತ್ತು. ಆ ಮೂಲೆಗೆ ವರ್ಷವಿಡೀ ತೇವ, ಎದುರು ಮೂಲೆಗೆ ಬಿಸಿಲು. ಎರಿ ನೆಲದಲ್ಲಿ ಹೀಗಾದರೆ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ, ನಡುವೆ ಗೋಡೆ ಸೀಳುತ್ತದೆ. ಒಳಗೆ ಹೋದಾಗ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಗೆರೆಯೊಂದರ ಮೇಲೆ ಅವರು ಉಗುರು ಎಳೆದರು. ಬಣ್ಣದ ಕೆಳಗಿನ ಪುಟ್ಟಿ ಉದುರಿತು. ಪುಟ್ಟಿಯ ಕೆಳಗೆ ಬಿರುಕು, ಮೇಲೆ ಅಗಲ, ಕೆಳಗೆ ಸಣ್ಣ.

‘ಗಿಲಾವಿನ ಕೂದಲೆಳಿ ಬಿರುಕಿಗೆ ನಾ ಅಂಜೂದಿಲ್ರಿ,’ ಅಂದರು. ‘ಇದು ಕೆಳಗಿಂದ ಬಂದದ್ದು. ತಲಿ ಮ್ಯಾಲಿಂದ ಏನಿದ್ರೂ ರಿಪೇರಿ ಮಾಡಬಹುದು. ಕಾಲ ಕೆಳಗಿಂದು ಕೆಟ್ರ ಖರ್ಚಿಗೆ ಲೆಕ್ಕಾ ಇರೂದಿಲ್ಲ.’

ಪಾಯ ಎಷ್ಟು ಆಳ ಎಂದು ಮಾಲೀಕರನ್ನು ಕೇಳಿದರೆ ‘ಎಲ್ಲಾರೂ ಹಾಕ್ದಂಗ ಹಾಕೇವಿ’ ಅಂದರು. ಪಾಯ ತೋಡಿದಾಗಿನ ಫೋಟೊ ಇಲ್ಲ, ಸ್ಟ್ರಕ್ಚರಲ್ ಡ್ರಾಯಿಂಗ್ ಇಲ್ಲ. ಗೋಡೆಯ ಪಕ್ಕ ಎರಡಡಿ ಅಗಲದ ಗುಂಡಿ ತೋಡಿ ನೋಡಲು ಕೇಳಿದೆವು, ಒಪ್ಪಲಿಲ್ಲ. ಒಪ್ಪದ್ದೂ ಒಂದು ಉತ್ತರವೇ. ಇನ್ನುಳಿದದ್ದನ್ನು ಇಂಜಿನಿಯರ್ ಬೇಗ ಮುಗಿಸಿದರು: ತಾರಸಿಗೆ ನೀರು ಬಿಟ್ಟು ಎಲ್ಲಿ ನಿಲ್ಲುತ್ತದೆ ನೋಡಿದರು, ಟೈಲ್ಸ್ ಬಡಿದು ಪೊಳ್ಳು ಸದ್ದು ಕೇಳಿದರು, ರಿಬೌಂಡ್ ಹ್ಯಾಮರಿನಿಂದ ಕಂಬಗಳ ಗಟ್ಟಿತನ ಅಂದಾಜು ಮಾಡಿದರು. ನಾನು ಪಕ್ಕದ ಮನೆಯವರನ್ನು ಮಾತಾಡಿಸಿದೆ. ಸ್ಲ್ಯಾಬಿಗೆ ಎಷ್ಟು ದಿನ ನೀರು ಕಟ್ಟಿದ್ದರು ಎಂಬುದನ್ನು ಅಕ್ಕಪಕ್ಕದವರಷ್ಟು ಸರಿಯಾಗಿ ಯಾರೂ ಹೇಳಲಾರರು. ನಮ್ಮಂಥ ಬಿಸಿಲ ನಾಡಿನಲ್ಲಿ ಕನಿಷ್ಠ 10 ದಿನವಾದರೂ ಸ್ಲ್ಯಾಬು ನೀರಲ್ಲಿ ನೆನೆಯಬೇಕು.

ಹೊಸ ಮನೆ ಕೊಳ್ಳುವವರಲ್ಲಿ ಇನ್ನೊಂದು ನಂಬಿಕೆ ಇದೆ: ‘ಐದು ವರ್ಷ ಬಿಲ್ಡರ್ ಜವಾಬ್ದಾರಿ ಇರತೈತಿ.’ ರೇರಾ ಕಾಯ್ದೆ ಹಾಗೆ ಹೇಳುವುದು ನಿಜ. ಕಟ್ಟಡದ ದೋಷ ಐದು ವರ್ಷದೊಳಗೆ ಕಂಡರೆ ಪುಕ್ಕಟೆಯಾಗಿ ಸರಿಪಡಿಸಿ ಕೊಡಬೇಕು. ಆದರೆ 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದ ಯೋಜನೆಗೆ, ಎಂಟಕ್ಕಿಂತ ಹೆಚ್ಚಿಲ್ಲದ ಮನೆಗಳ ಯೋಜನೆಗೆ ರೇರಾ ನೋಂದಣಿಯೇ ಬೇಕಿಲ್ಲ. ಸೈಟಿನ ಮೇಲೆ ಒಂದೇ ಮನೆ ಕಟ್ಟಿ ಮಾರುವವರಿಂದ ಕೊಳ್ಳುವಾಗ ಆ ರಕ್ಷಣೆ ತಾನಾಗಿ ಬರುತ್ತದೆಂದು ನಂಬಿ ಕೂರಬೇಡಿ. ಬೇಕಾದ ಭರವಸೆಯನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.

ಮೇಡ್ಲೇರಿಯ ಹಳೆಯ ಮನೆಯಲ್ಲಿ ಕೆಲಸ ಗೌಂಡಿ ಕಾಕಾ ಅವರದೇ ಆಯಿತು. ಅವರು ನೇರ ಮಾಳಿಗೆ ಹತ್ತಿದರು. ಮಣ್ಣಿನ ಮೇಲ್ಮುದ್ದೆಯ ಮನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿಸುವುದು ವಾಡಿಕೆ. ಹಳೆಯದನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋದರೆ ಭಾರ ಏರುತ್ತದೆ. ಕಾಕಾ ಕಬ್ಬಿಣದ ಸಲಾಕೆ ಚುಚ್ಚಿ ಅಳೆದರು, ಒಂದಡಿಗೂ ಮಿಕ್ಕಿ ಮಣ್ಣಿತ್ತು. ಒಣ ಮಣ್ಣು ಘನ ಅಡಿಗೆ ಸುಮಾರು 45 ಕಿಲೊ ಅಂತ ಹಿಡಿದರೂ, 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಐದು ಟನ್ನಿಗೂ ಹೆಚ್ಚು ಭಾರ. ನೆನೆದರೆ ಇನ್ನೂ ಹೆಚ್ಚು. ಇಷ್ಟನ್ನೂ ಹೊರುವುದು ಅಜ್ಜನ ಕಾಲದ ಜಂತಿ, ತೊಲೆ, ಕಂಬ. ಮಲಗುವ ಕೋಣೆಯ ತಲೆಯ ಮೇಲೆ ಈ ಲೆಕ್ಕ ಇದೆ ಎಂಬುದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ತಾಯಿ, ಮಕ್ಕಳ ಜೀವ ಹೋಯಿತು.

ಹಾಗಾಗಿ ಜಂತಿಗಳನ್ನು ಒಂದೊಂದಾಗಿ ನೋಡಬೇಕು, ಅದರಲ್ಲೂ ಗೋಡೆಯೊಳಗೆ ಹೊಕ್ಕ ತುದಿಗಳನ್ನು. ಗೆದ್ದಲು ಹಿಡಿಯುವುದು, ನೀರು ಕೊಳೆಸುವುದು ಅಲ್ಲೇ. ಚೂಪಾದ ಸ್ಕ್ರೂಡ್ರೈವರ್ ಒತ್ತಿದರೆ ಗಟ್ಟಿ ಕಟ್ಟಿಗೆ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಮನೆಯ ಪಡಸಾಲೆಯ ಸಾಗವಾನಿ ತೊಲೆಗಳು ಗಟ್ಟಿ ಇದ್ದವು, ಅಡುಗೆಮನೆಯ ಜಂತಿಗಳಲ್ಲಿ ಅರ್ಧದಷ್ಟು ಹೋಗಿದ್ದವು. ಗೋಡೆಯ ಬುಡದಲ್ಲಿ ಒಂದು ಕಡೆ ಸಿಮೆಂಟ್ ಗಿಲಾವು ಮಾಡಿ ಎಣ್ಣೆ ಬಣ್ಣ ಬಳಿದಿದ್ದರು. ಮಣ್ಣಿನ ಗೋಡೆಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಒಳಗಿನ ತೇವ ಹೊರಬರಲು ದಾರಿ ಸಿಗದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ, ಹೊರಗೆ ಮಾತ್ರ ಚೆಂದ ಕಾಣುತ್ತದೆ.

ಪಡಸಾಲೆಯಲ್ಲಿ ಕಾಕಾ ಕೋಲು ಊರುತ್ತ ನಡೆದಾಗ ಒಂದು ಫರಸಿಯ ಸದ್ದು ಬೇರೆ ಬಂತು. ಮನೆಯ ಅಜ್ಜಿ ಅಲ್ಲೇ ಕೂತಿದ್ದರು. ‘ಅದು ಹಗೇವಿನ ಬಾಯಿ ಐತ್ಯಪಾ. ನಮ್ಮತ್ತಿ ಕಾಲಕ್ಕ ಜ್ವಾಳಾ ತುಂಬತಿದ್ರು. ಈಗ ಮುಚ್ಚೇವಿ.’ ಮುಚ್ಚಿದ್ದು ಬಾಯಿ ಮಾತ್ರ, ಒಳಗೆ ಮಣ್ಣು ತುಂಬಿರಲಿಲ್ಲ. ಧಾರವಾಡ ಹಾವೇರಿ ಕಡೆಯ ಹಳೆಯ ಮನೆಗಳಲ್ಲಿ, ಮನೆ ಮುಂದಿನ ಅಂಗಳದಲ್ಲಿ ಇಂಥ ನೆಲಗಣಜಗಳು ಇರುವುದು ಸಹಜ. ಮನೆ ಕೊಳ್ಳುವವರು ಹಿರಿಯರನ್ನು ಕೇಳಿಯೇ ತಿಳಿಯಬೇಕು, ಕಾಗದದಲ್ಲಿ ಎಲ್ಲೂ ಬರೆದಿರುವುದಿಲ್ಲ. ಗೊತ್ತಿಲ್ಲದೆ ಅದರ ಮೇಲೆ ಗೋಡೆ ಎಬ್ಬಿಸಿದರೆ ಕುಸಿಯುತ್ತದೆ. ಬಾಯಿ ತೆರೆದ ಕೂಡಲೇ ಯಾರನ್ನೂ ಒಳಗೆ ಇಳಿಸಬಾರದು, ಮುಚ್ಚಿದ ಗುಂಡಿಯಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ. ಆಳ ಅಳೆಯಲೆಂದು ಹಗೇವಿಗೆ ಹಗ್ಗ ಇಳಿಬಿಟ್ಟು, ಬದಿಯ ಮಣ್ಣನ್ನು ಕೆರೆದು ನೋಡಿದಾಗಲೇ ನಮಗೆ ಬೇಕಾದ ಉತ್ತರ ಸಿಕ್ಕದ್ದು. ಮೇಲಿನ ಮೂರಡಿ ಕಪ್ಪು ಮಣ್ಣು, ಅದರ ಕೆಳಗೆಲ್ಲ ಗರಸು. ಹಿತ್ತಲಿನಲ್ಲಿ ಗೋಡೆಯ ಪಕ್ಕ ತೋಡಲು ಅಜ್ಜಿ ಬೇಡ ಎನ್ನಲಿಲ್ಲ. ಪಾಯದ ಕಲ್ಲುಗಳು ಆ ಗರಸಿನ ಮೇಲೆಯೇ ಕೂತಿದ್ದವು.

ಊರೊಳಗಿನ ಹಳೆಯ ಮನೆಗೆ ಅಳತೆಯ ಗೋಜು ಹೆಚ್ಚು. ವಾಟ್ನಿಯಾಗಿ ಅಣ್ಣತಮ್ಮಂದಿರ ನಡುವೆ ಒಂದೇ ಗೋಡೆ ಉಳಿದಿರುತ್ತದೆ, ಪಕ್ಕದವರ ಜಂತಿಗಳು ನಿಮ್ಮ ಗೋಡೆಯ ಮೇಲೆ ಕೂತಿರುತ್ತವೆ. ನಾಳೆ ಆ ಗೋಡೆ ತೆಗೆದು ಕಟ್ಟುತ್ತೇನೆಂದರೆ ಅವರ ಮಾಳಿಗೆ ಏನಾಗಬೇಕು? ನಿಮ್ಮ ಮಾಳಿಗೆಯ ದೋಣಿಯ ನೀರು ಯಾರ ಜಾಗಕ್ಕೆ ಬೀಳುತ್ತದೆ? ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ಇಂಥವರ ಮನೆ’ ಎಂದಷ್ಟೇ ಬರೆದರೆ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ಟೇಪು ಹಿಡಿದು ನಾಲ್ಕೂ ದಿಕ್ಕು ಅಳೆದು, ಇ-ಸ್ವತ್ತಿನ ನಮೂನೆ 9ರ ಅಳತೆಗೆ ತಾಳೆ ನೋಡಬೇಕು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಆಸ್ತಿಗಳನ್ನು ಅಳೆಯುವ ಕೆಲಸ ನಡೆದಿದೆ. ಮನೆಗೆ ಆ ಆಸ್ತಿ ಕಾರ್ಡ್ ಬಂದಿದ್ದರೆ ಅದನ್ನೂ ಕೇಳಿ. ಹಳೆಯ ಮನೆ ಎಂದರೆ ಪಿತ್ರಾರ್ಜಿತ ಆಗಿರುವುದೇ ಹೆಚ್ಚು, ವಂಶಾವಳಿ ತರಿಸಿ ಹೆಣ್ಣುಮಕ್ಕಳ ಸಹಿಯೂ ಇರುವಂತೆ ನೋಡಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವರದು ಗಂಡುಮಕ್ಕಳಷ್ಟೇ ಪಾಲು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೂ ಖಚಿತಪಡಿಸಿದೆ. ಲೇಔಟಿನ ಮನೆಯಾದರೆ ಬಿನ್‌ಶೇತ್ಕಿ ಆದೇಶ, ಮಂಜೂರಾದ ಲೇಔಟ್ ನಕ್ಷೆ, ಕಟ್ಟಡದ ಪರವಾನಗಿ. ಎರಡಕ್ಕೂ ಋಣಭಾರ ಪತ್ರ ಬೇಕೇ ಬೇಕು.

ಈಗ ದುಡ್ಡಿನ ಮಾತು. ‘ಬ್ಯಾಂಕಿನವರು ನೋಡ್ಯಾರ, ಸಾಲಾ ಕೊಟ್ಟಾರ, ಅಂದಮ್ಯಾಲೆ ಮನಿ ಚಲೋ ಐತಿ’ ಎಂದು ನಂಬುವವರು ಬಹಳ. ಬ್ಯಾಂಕಿನ ಮೌಲ್ಯಮಾಪಕರು ನೋಡುವುದು ಕೊಟ್ಟ ಸಾಲ ವಾಪಸು ಬರುವಷ್ಟು ಬೆಲೆ ಆ ಆಸ್ತಿಗಿದೆಯೇ ಎಂದು. ಕಿಟಕಿ ಮೂಲೆಯ ಪುಟ್ಟಿ ಕೆರೆಯುವುದು ಅವರ ಕೆಲಸವಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ 90 ಮೀರುವಂತಿಲ್ಲ, ಮುದ್ರಾಂಕ ನೋಂದಣಿ ಖರ್ಚನ್ನು ಆ ಬೆಲೆಯಲ್ಲಿ ಸೇರಿಸುವಂತಿಲ್ಲ. ಇದಕ್ಕೆ ಹೊರತು 10 ಲಕ್ಷದೊಳಗಿನ ಮನೆ ಮಾತ್ರ. ಹಳ್ಳಿಯಲ್ಲಿ 20 ಲಕ್ಷದ ಮನೆ ಎಂದುಕೊಳ್ಳಿ. ಶೇ 5 ಮುದ್ರಾಂಕ ಶುಲ್ಕ ಒಂದು ಲಕ್ಷ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ 13 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ, ಅದು 40 ಸಾವಿರ. ಅಲ್ಲಿಗೆ 1,53,000. ಕೈಯಿಂದ ಹಾಕುವ ಎರಡು ಲಕ್ಷ ಸೇರಿದರೆ ಮೂರೂವರೆ ಲಕ್ಷ ನಗದು ಮೊದಲೇ ಬೇಕು. ಸರ್ಕಾರದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕವೂ ಅದರ ಮೇಲೆಯೇ. ಉಳಿತಾಯವೆಲ್ಲ ಇದಕ್ಕೇ ಕರಗಿದ ಮೇಲೆ ಜಂತಿ ಬದಲಿಸಲು, ಪಾಯದ ಸುತ್ತ ನೀರು ತಿರುಗಿಸಲು ದುಡ್ಡು ಎಲ್ಲಿಂದ ಬರಬೇಕು? ಅದಕ್ಕೇ ಪರೀಕ್ಷೆ ಚೌಕಾಶಿಗಿಂತ ಮೊದಲೇ ಆಗಬೇಕು, ರಿಪೇರಿಯ ಅಂದಾಜು ಕಾಗದದ ಮೇಲೆ ಕೈಯಲ್ಲಿರಬೇಕು.

ತಮ್ಮ ಮೇಡ್ಲೇರಿಯ ಮನೆಯನ್ನೇ ಕೊಂಡ. ಮಾಳಿಗೆಯ ಮಣ್ಣು ಪೂರ್ತಿ ಇಳಿಸಿ, ಕೆಟ್ಟ ಜಂತಿ ಬದಲಿಸಿ, ಹಗೇವಿಗೆ ಗರಸು ತುಂಬಿ ಧಮ್ಮಸು ಮಾಡಿಸಲು ತಗಲುವ ಖರ್ಚನ್ನು ಇಂಜಿನಿಯರ್ ಬರೆದುಕೊಟ್ಟಿದ್ದರು. ಅದನ್ನು ಅಜ್ಜಿಯ ಮಗನ ಮುಂದೆ ಇಟ್ಟು ಮಾತಾಡಿದೆವು. ಎದುರಾಬದುರು ಕೂತು, ಯಾರ ಮನಸ್ಸೂ ನೋಯದಂತೆ, ಆ ಖರ್ಚಿನ ಬಹುಪಾಲು ಬೆಲೆಯಲ್ಲಿ ಇಳಿಯಿತು. ಹಳೆಯದೇ ಯಾವಾಗಲೂ ಮೇಲು ಎಂದು ನಾನು ಹೇಳುತ್ತಿಲ್ಲ. ಅದೇ ಓಣಿಯಲ್ಲಿ ಇನ್ನೊಂದು ಮಾಳಿಗೆ ಮನೆಯ ಗೋಡೆ ಬುಡದಲ್ಲಿ ಉಬ್ಬಿ ನಿಂತಿತ್ತು. ಅದನ್ನು ಪುಕ್ಕಟೆ ಕೊಟ್ಟರೂ ಒಳಗೆ ಮಲಗಬೇಡಿ ಎಂದು ಕಾಕಾ ಖಡಾಖಂಡಿತವಾಗಿ ಹೇಳಿದರು.

ಸಾಧ್ಯವಾದರೆ ಮನೆಯನ್ನು ಒಮ್ಮೆ ಕಡು ಬೇಸಿಗೆಯಲ್ಲಿ, ಒಮ್ಮೆ ಮಳೆ ಹಿಡಿದಾಗ ನೋಡಿ. ಬೇಸಿಗೆಯಲ್ಲಿ ಬಿರುಕು ಬಾಯಿ ಬಿಡುತ್ತದೆ, ಮಳೆಯಲ್ಲಿ ನೀರು ತನ್ನ ದಾರಿ ತೋರಿಸುತ್ತದೆ. ಅಷ್ಟು ಕಾಯಲು ಆಗದಿದ್ದರೆ ಸಂದೇಹದ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಬರೆದು ಬನ್ನಿ. ಖರೀದಿ ಪತ್ರಕ್ಕೆ ಮುಂಚೆ ಆ ಗಾಜು ಒಡೆದಿದ್ದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದೇ ಅರ್ಥ. ಸಂಚಗಾರ ಪತ್ರದಲ್ಲಿ ಮೂರು ಸಾಲು ತಪ್ಪದೆ ಬರೆಸಿ: ಇಂಜಿನಿಯರ್ ಪರೀಕ್ಷೆಗೆ, ಪಾಯದ ಪಕ್ಕ ತೋಡಿ ನೋಡುವುದಕ್ಕೆ ಮಾಲೀಕರ ಒಪ್ಪಿಗೆ ಇದೆ; ಪಾಯದಲ್ಲಿ ದೋಷ ಕಂಡರೆ, ಅಳತೆ ದಾಖಲೆಗೆ ಹೊಂದದಿದ್ದರೆ ಸಂಚಗಾರ ಇಂಥ ತಾರೀಖಿನೊಳಗೆ ಪೂರ್ತಿ ವಾಪಸು; ನಡುಗೋಡೆ ಯಾರದು, ದೋಣಿಯ ನೀರು ಎಲ್ಲಿ ಬೀಳಬೇಕು ಎಂಬುದು ಪಕ್ಕದವರ ಸಹಿಯೊಂದಿಗೆ. ಮೂರಕ್ಕೂ ಒಪ್ಪುವ ಮಾಲೀಕರು ಸಿಕ್ಕರೆ ಮಾತು ಮುಂದುವರಿಸಿ.