ಆಣೆಗೆ ಅಂಜದವರು

ನಂಜನಗೂಡು ಮತ್ತು ತಿ. ನರಸೀಪುರದ ಉಪನೋಂದಣಾಧಿಕಾರಿ ಕಚೇರಿಗಳ ಆಸುಪಾಸಿನಲ್ಲಿ ಪತ್ರ ಬರೆಯುತ್ತಲೇ ನನ್ನ ಆಯುಸ್ಸಿನ ಹೆಚ್ಚು ಪಾಲು ಕಳೆದಿದೆ. ಕ್ರಯಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ, ದಾನಪತ್ರ, ವಿಲ್ಲು. ಜಮೀನಿನ ಮಾತಿಗೆ ಕೂತಾಗ ಮನುಷ್ಯ ಹೇಗಿರುತ್ತಾನೆ ಅನ್ನುವುದನ್ನು ನಮ್ಮಷ್ಟು ಹತ್ತಿರದಿಂದ ಕಾಣುವವರು ಕಡಿಮೆ. ದುರಾಸೆ ನೋಡಿದ್ದೇನೆ, ಅಣ್ಣತಮ್ಮಂದಿರ ಹಗೆ ನೋಡಿದ್ದೇನೆ. ತಂಗಿಯ ಪಾಲು ನುಂಗಿ, ನಿದ್ದೆ ಹತ್ತದೆ, ವರ್ಷ ಕಳೆದ ಮೇಲೆ ಬಂದು ಹತ್ತು ಗುಂಟೆ ವಾಪಸು ಬರೆದುಕೊಟ್ಟವರನ್ನೂ ನೋಡಿದ್ದೇನೆ. ಅವರೆಲ್ಲ ನಮ್ಮ ನಿಮ್ಮಂಥವರೇ. ತಪ್ಪು ಮಾಡಿದರು, ಒಳಗೆ ಸುಟ್ಟಿತು, ತಿದ್ದಿಕೊಂಡರು ಅಥವಾ ತಲೆತಗ್ಗಿಸಿ ಓಡಾಡಿದರು. ಒಳಗೆ ಏನೂ ಸುಡದ ಕೆಲವರು ಮಾತ್ರ ಬೇರೆ. ಮನೋವೈದ್ಯರು ಸೈಕೋಪತಿ ಎಂದು ಕರೆಯುವ ಸ್ವಭಾವದ ಗುರುತುಗಳು ಅಂಥವರಲ್ಲಿ ಒಂದೊಂದಾಗಿ ಕಾಣಿಸುತ್ತವೆ. ನಾನು ಹೇಳಬೇಕೆಂದಿರುವುದು ಅವರ ವಿಷಯ.

ಅಪಾಯದ ಮನುಷ್ಯ ನೋಡಲೂ ಅಪಾಯದವನ ಹಾಗೇ ಇರುತ್ತಾನೆ ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಕರ್ನಾಟಕ ಕಂಡ ಎರಡು ಪ್ರಕರಣ ನೆನೆದರೆ ಸಾಕು, ಆ ನಂಬಿಕೆ ಎಷ್ಟು ಸುಳ್ಳು ಎಂದು ಗೊತ್ತಾಗುತ್ತದೆ. 2007ರ ಕೊನೆಯಲ್ಲಿ ಸಿಕ್ಕಿಬಿದ್ದ ಕೆಂಪಮ್ಮ, ಪತ್ರಿಕೆಗಳು ಸಯನೈಡ್ ಮಲ್ಲಿಕಾ ಎಂದು ಕರೆದವಳು, ಹೆಂಗಸರನ್ನು ಹುಡುಕಿಕೊಂಡು ಹೋಗುತ್ತಿದ್ದುದು ದೇವಸ್ಥಾನಗಳಿಗೆ. ಕಷ್ಟ ಹೇಳಿಕೊಳ್ಳುವವರ ಪಕ್ಕ ಕೂತು ಸಮಾಧಾನದಿಂದ ಕೇಳಿಸಿಕೊಳ್ಳುತ್ತಿದ್ದಳು. ಪರಿಹಾರಕ್ಕೆ ವಿಶೇಷ ಪೂಜೆ ಇದೆ, ಒಡವೆ ಹಾಕಿಕೊಂಡು ಬನ್ನಿ ಎನ್ನುತ್ತಿದ್ದಳು. ಬಂದವರಿಗೆ ಸಯನೈಡ್ ಕೊಟ್ಟು ಒಡವೆ ಒಯ್ಯುತ್ತಿದ್ದಳು. ಬಂಟ್ವಾಳ ಕಡೆಯ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. 2003ರಿಂದ 2009ರವರೆಗೆ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಆರೋಪ ಅವನ ಮೇಲೆ ಬಂತು. ವರದಕ್ಷಿಣೆ ಬೇಡ ಎಂದವನು, ಮೆದುವಾಗಿ ಮಾತಾಡಿದವನು. ಗರ್ಭ ನಿಲ್ಲದಿರಲು ಎಂದು ಹೇಳಿ ಸಯನೈಡ್ ಗುಳಿಗೆ ಕೊಡುತ್ತಿದ್ದುದು ಬಸ್ ನಿಲ್ದಾಣಗಳಲ್ಲಿ. ನಮ್ಮ ಮೈಸೂರಿನ ನಿಲ್ದಾಣವೂ ಅದರಲ್ಲಿ ಸೇರಿತ್ತು. ಇವರಿಬ್ಬರಿಗೆ ಯಾವ ಹೆಸರಿನ ಕಾಯಿಲೆ ಹಚ್ಚಬೇಕೆಂದು ನಾನು ಹೇಳುವುದಿಲ್ಲ. ನನ್ನ ಗಮನ ಅವರ ದಾರಿಯ ಮೇಲೆ. ಇಬ್ಬರೂ ಬೆದರಿಸಲಿಲ್ಲ. ನಂಬಿಕೆ, ಭಕ್ತಿ, ಮದುವೆಯ ಆಸೆ, ನಮ್ಮ ಒಳ್ಳೆಯ ಗುಣಗಳನ್ನೇ ಹಿಡಿದುಕೊಂಡು ಒಳಗೆ ಬಂದರು.

ಕೊಲೆಯವರೆಗೆ ಹೋಗುವವರು ಬೆರಳೆಣಿಕೆ. ಉಳಿದವರು ನಮ್ಮ ಬೀದಿಯಲ್ಲೇ, ನಮ್ಮ ನೆಂಟರಲ್ಲೇ ಇರುತ್ತಾರೆ. ಜನಸಾಮಾನ್ಯರಲ್ಲಿ ನೂರಕ್ಕೆ ಒಬ್ಬರಲ್ಲಿ ಈ ಸ್ವಭಾವ ಗಾಢವಾಗಿರಬಹುದು ಎಂಬುದು ಸಂಶೋಧಕರು ಸಾಮಾನ್ಯವಾಗಿ ಹೇಳುವ ಅಂದಾಜು.

ನಾನು ಕಂಡ ಒಬ್ಬನ ಕಥೆಯನ್ನು ಊರು, ನಂಟು, ವಿಸ್ತೀರ್ಣ ಬದಲಿಸಿ ಹೇಳುತ್ತೇನೆ. ತಾಂಡವಪುರ, ಹಿಮ್ಮಾವು, ಅಡಕನಹಳ್ಳಿ ಕಡೆ ಕೈಗಾರಿಕಾ ಪ್ರದೇಶ ಬೆಳೆದು, ನಂಜನಗೂಡು ತಾಲ್ಲೂಕಿನ ಒಣ ಹೊಲಕ್ಕೂ ಬೆಲೆ ಬಂದ ಕಾಲ. ಮಕ್ಕಳಿಲ್ಲದ ವಿಧವೆ ದೊಡ್ಡವ್ವನನ್ನು ಅವನು ಕೈಹಿಡಿದು ಕರೆತಂದ. ಫ್ಯಾನಿನ ಕೆಳಗೆ ಕೂರಿಸಿದ, ಎಳನೀರು ತರಿಸಿಕೊಟ್ಟ, ನನ್ನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದ. ಒಮ್ಮೆ ಯಾವಾಗಲೋ ಹೇಳಿದ್ದನ್ನು ನೆನಪಿಟ್ಟಿದ್ದ. ಅವ್ವನ ಹೆಸರಿನ ಅಷ್ಟೂ ಜಮೀನು ತನ್ನ ಹೆಸರಿಗೆ ದಾನಪತ್ರವಾಗಬೇಕಿತ್ತು.

ದಾನ ಪಡೆದವನು ದಾನಿಗೆ ಬದುಕಿರುವವರೆಗೂ ಊಟ, ಬಟ್ಟೆ, ವಸತಿ, ಔಷಧೋಪಚಾರ ಒದಗಿಸಬೇಕು, ತಪ್ಪಿದರೆ ದಾನ ರದ್ದಾಗುತ್ತದೆ ಎಂಬ ಸಾಲನ್ನು ಹಿರಿಯರ ದಾನಪತ್ರದಲ್ಲಿ ಸೇರಿಸುವುದು ನನ್ನ ರೂಢಿ. ಅದನ್ನು ಓದಿ ಹೇಳಿದೆ. ಬೇರೆಯವರಾಗಿದ್ದರೆ ಮುಖ ಕೆಂಪಾಗುತ್ತಿತ್ತು. ‘ನಮ್ಮ ಮೇಲೆ ಅನುಮಾನವಾ’ ಎನ್ನುತ್ತಿದ್ದರು. ಇವನು ನಕ್ಕ. ‘ಹಾಕಿ ಸಾರ್, ನಮ್ಮವ್ವ ಅಲ್ವಾ’ ಎಂದ. ದೇವಸ್ಥಾನದ ಗೋಪುರದ ದಿಕ್ಕಿಗೆ ತಿರುಗಿ ಕೈಮುಗಿದು, ನಂಜುಂಡಪ್ಪನ ಮೇಲಾಣೆ, ಅವ್ವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದ. ಅವ್ವ ನನ್ನ ಕಡೆ ನೋಡಿ, ‘ನಂಜುಂಡಪ್ಪನ್ ಮ್ಯಾಲೆ ಆಣೆ ಮಾಡವ್ನೆ ಕನಪ್ಪ, ಇನ್ನೇನ್ ಬೇಕು’ ಎಂದಳು.

ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅವಳಿಗೆ ಗಂಡನ ನೆನಪಾಯಿತು. ಅವನು ಕಲ್ಲು ಆರಿಸಿ ಹಸನು ಮಾಡಿದ ಹೊಲ. ಬಿಕ್ಕಿ ಬಿಕ್ಕಿ ಅತ್ತಳು. ಸಾಕ್ಷಿಗೆ ಬಂದಿದ್ದವರು ಬೇರೆ ಕಡೆ ನೋಡಿದರು, ಟೈಪು ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು. ಅವನು ಅವ್ವನ ಹೆಗಲ ಮೇಲೆ ಕೈಹಾಕಿದ, ಮುಖದಲ್ಲಿ ದುಃಖ ಬಂತು, ಕಣ್ಣೂ ತೇವವಾದ ಹಾಗಿತ್ತು. ಮೇಜಿನ ಕೆಳಗೆ ಎಡಗೈಯ ಹೆಬ್ಬೆರಳು ಮೊಬೈಲಿನ ಮೇಲೆ ಓಡುತ್ತಲೇ ಇತ್ತು. ಅವ್ವ ಮೂಗು ಒರೆಸಿಕೊಂಡ ಕೂಡಲೇ ಅವನು, ‘ಚಲನ್ ಎಷ್ಟಾಯ್ತು ಸಾರ್?’ ಎಂದ. ರೇಡಿಯೊದಲ್ಲಿ ಸ್ಟೇಷನ್ ಬದಲಿಸಿದ ಹಾಗೆ ಆ ಮುಖ ಬದಲಾಯಿತು. ನಮ್ಮೆಲ್ಲರ ಮುಖ ಸರಿಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನಿಗೆ ಹಿಡಿಯಲಿಲ್ಲ. ಅಂದಿನಿಂದ ನಾನು ಜನರ ಕಣ್ಣೀರನ್ನು ನೋಡುವುದು ಕಡಿಮೆ ಮಾಡಿ, ಕಣ್ಣೀರು ನಿಂತ ಮೇಲಿನ ಕ್ಷಣವನ್ನು ನೋಡತೊಡಗಿದೆ.

ವರ್ಷದೊಳಗೆ ಅವ್ವ ಕೊಟ್ಟಿಗೆಯ ಪಕ್ಕದ ಕೋಣೆಗೆ ಬಂದಳು, ಆಮೇಲೆ ತಿ. ನರಸೀಪುರ ತಾಲ್ಲೂಕಿನ ತಂಗಿಯ ಮನೆಗೆ. ಜಮೀನಿಗೆ ಮಾರಾಟದ ಮಾತುಕತೆ ಶುರುವಾಗಿತ್ತು. ಕೇಳಿದವರಿಗೆಲ್ಲ ಅವನು ಹೇಳಿದ್ದು ತನ್ನದೇ ನೋವು: ಅವ್ವ ಶಾಪ ಹಾಕಿದಳು, ಹೆಂಡತಿ ಮಕ್ಕಳ ಮುಂದೆ ಮಾನ ಕಳೆದಳು, ಎಷ್ಟು ಮಾಡಿದರೂ ಕಡಿಮೆಯೇ. ಕೇಳಿದವರು ಅವನಿಗೇ ಮರುಗಿದರು. ಮಾರ್ಥಾ ಸ್ಟೌಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2005ರಲ್ಲಿ ಬರೆದ ಪುಸ್ತಕದಲ್ಲಿ, ಆತ್ಮಸಾಕ್ಷಿ ಇಲ್ಲದವರನ್ನು ಗುರುತಿಸಲು ಎಲ್ಲಕ್ಕಿಂತ ನಂಬಬಹುದಾದ ಸೂಚನೆ ಎಂದರೆ ಅವರು ನಮ್ಮ ಕನಿಕರವನ್ನು ಕೇಳುವುದು ಎನ್ನುತ್ತಾರೆ. ಹಾನಿ ಮಾಡಿದವನೇ ಮರುಕವನ್ನೂ ಬೇಡಿದರೆ ಎಚ್ಚರವಾಗಿರಬೇಕು.

ತಿ. ನರಸೀಪುರದಲ್ಲಿ ಅವನೇ ಇನ್ನೊಂದು ಕಡತದಲ್ಲಿ ಎದುರಾದ. ಹೆಂಡತಿಯ ತವರಿನವರ ಗದ್ದೆಯ ಮೇಲೆ ಸಾಲ. ಅಲ್ಲಿ ಅವನ ಮಾತಿನ ಧಾಟಿಯೇ ಬೇರೆ, ಕಂದಾಯ ಇಲಾಖೆಯವನ ಹಾಗೆ ಮಾತಾಡುತ್ತಿದ್ದ. ಮಾವನೂ ಅಳಿಯ ಇಲಾಖೆಯಲ್ಲೇ ಇದ್ದಾನೆ ಎಂದು ನಂಬಿದ್ದ. ನನ್ನ ಕರಡು ಎರಡು ದಿನ ತಡವಾದದ್ದಕ್ಕೆ, ಬರಹಗಾರರ ತಮ್ಮ ತೀರಿಕೊಂಡರು ಎಂದು ಅವರಿಗೆ ಹೇಳಿದ್ದನಂತೆ. ನನ್ನ ತಮ್ಮ ಚೆನ್ನಾಗಿದ್ದಾನೆ. ಆ ಸುಳ್ಳಿನಿಂದ ಅವನಿಗೆ ನಯಾಪೈಸೆ ಲಾಭವಿರಲಿಲ್ಲ. ಸಿಕ್ಕಿಹಾಕಿಕೊಂಡಾಗ ಸುಳ್ಳು ಹೇಳದವರು ಯಾರು? ಅಗತ್ಯವೇ ಇಲ್ಲದ ಕಡೆ ಹೇಳುವ ಸುಳ್ಳು, ಗೊತ್ತಾಯಿತು ಎಂದಾಗ ಒಂದಿಷ್ಟೂ ಪೆಚ್ಚಾಗದೆ ಬೇರೆ ಮಾತಿಗೆ ಹೋಗುವುದು, ಇದು ಬೇರೆಯ ಜಾತಿಯದು. ಅವನ ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ನಿಮ್ಮ ವಯಸ್ಸೆಷ್ಟಮ್ಮ ಎಂದು ಕೇಳಿದರೆ ಮೊದಲು ಅವನ ಮುಖ ನೋಡಿ ಆಮೇಲೆ ಹೇಳಿದಳು. ಅಂಥವರನ್ನು ಅರಿಯಲು ಅವರನ್ನೇ ನೋಡಬೇಕೆಂದಿಲ್ಲ, ಅವರ ಜೊತೆ ಒಂದೇ ಸೂರಿನಡಿ ಇರುವವರನ್ನು ನೋಡಿದರೂ ಆಗುತ್ತದೆ.

ಇದು ಏನು ಎಂದು ತಿಳಿಯುವ ಹಟ ಹತ್ತಿತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಿಂದ ಮನಸ್ಸಿನ ಕಾಯಿಲೆಗಳ ಪರಿಚಯ ಮೊದಲೇ ಇತ್ತು. ಮೈಸೂರಿನ ಒಬ್ಬ ಮನೋವೈದ್ಯರ ಹತ್ತಿರ ಕೂತು ಕೇಳಿಯೂ ತಿಳಿದೆ. ಹರ್ವಿ ಕ್ಲೆಕ್ಲಿ ಎಂಬ ಅಮೆರಿಕದ ವೈದ್ಯ 1941ರಲ್ಲೇ ಇಂಥವರನ್ನು ವಿವರಿಸಿದ್ದ: ಹೊರಗೆ ಎಲ್ಲ ಸರಿಯಾಗಿದೆ, ಮಾತು ಚೆಂದ, ಬುದ್ಧಿ ಚುರುಕು, ನಾಚಿಕೆ ಪಶ್ಚಾತ್ತಾಪ ಮಾತ್ರ ಇಲ್ಲ. ಕೆನಡಾದ ರಾಬರ್ಟ್ ಹೇರ್ ಆ ಆಧಾರದ ಮೇಲೆ ಇಪ್ಪತ್ತು ಅಂಶಗಳ ಪಟ್ಟಿ ಮಾಡಿದ. ಒಂದೊಂದಕ್ಕೆ ಸೊನ್ನೆಯಿಂದ ಎರಡು ಅಂಕ, ಒಟ್ಟು 40. ಅಮೆರಿಕ, ಕೆನಡಾಗಳಲ್ಲಿ 30 ಮುಟ್ಟಿದರೆ ಸೈಕೋಪತಿ ಎನ್ನುತ್ತಾರೆ. ಆದರೆ ತರಬೇತಿ ಪಡೆದವರು ದೀರ್ಘ ಸಂದರ್ಶನ ಮಾಡಿ, ಹಳೆಯ ದಾಖಲೆಗಳನ್ನೂ ತಾಳೆ ನೋಡಿ ಹಾಕಬೇಕಾದ ಅಂಕ ಅದು. ‘ಆ ಮನುಷ್ಯ ಅಂಥವನೇನಾ ಡಾಕ್ಟ್ರೇ?’ ಎಂದು ಕೇಳಿದ್ದಕ್ಕೆ ಅವರು, ನೋಡದೆ ಹೇಳುವುದು ಸಾಧ್ಯವಿಲ್ಲ, ನೀವಂತೂ ಹೇಳಲೇಬೇಡಿ, ಅವನು ಮಾಡಿದ್ದನ್ನು ಮಾತ್ರ ಲೆಕ್ಕಕ್ಕಿಡಿ ಎಂದರು. ಆ ಮಾತನ್ನು ಪಾಲಿಸುತ್ತಾ ಬಂದಿದ್ದೇನೆ.

ಡಾಕ್ಟರು ಹೇಳಿದ್ದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಎರಡು. ಇಂಥವರಿಗೆ ಇನ್ನೊಬ್ಬರ ಮನಸ್ಸು ಅರ್ಥವೇ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಎದುರಿನವರ ಆಸೆ, ಭಯ, ಒಂಟಿತನ ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಾಗಬಹುದು. ಗೊತ್ತಾದದ್ದು ಎದೆಗೆ ಇಳಿಯುವುದಿಲ್ಲ, ಅಷ್ಟೇ. ಎರಡನೆಯದು ಭಯದ ವಿಷಯ. ಡೇವಿಡ್ ಲಿಕೆನ್ 1957ರಲ್ಲಿ, ಹೇರ್ 1960ರ ದಶಕದಲ್ಲಿ ಪ್ರಯೋಗ ಮಾಡಿ ನೋಡಿದರು. ಹೇರ್‌ನ ಪ್ರಯೋಗದಲ್ಲಿ, ಎಣಿಕೆ ಇಂತಿಷ್ಟಕ್ಕೆ ಬಂದಾಗ ವಿದ್ಯುತ್ತಿನ ಶಾಕ್ ತಗಲುತ್ತದೆ ಎಂದು ಮೊದಲೇ ಹೇಳಿದ್ದರೆ, ಆ ಅಂಕಿ ಹತ್ತಿರ ಬಂದ ಹಾಗೆ ಸಾಮಾನ್ಯರ ಅಂಗೈ ಬೆವರುತ್ತದೆ. ಈ ಸ್ವಭಾವದವರ ಅಂಗೈ ಅಷ್ಟು ಬೆವರುವುದಿಲ್ಲ. ಬರಲಿರುವ ಪೆಟ್ಟು ಅವರನ್ನು ಮೊದಲೇ ಹೆದರಿಸುವುದಿಲ್ಲ.

ಆಣೆ ಎಂದರೇನು? ಸುಳ್ಳಾಡಿದರೆ ಮುಂದೆ ಪೆಟ್ಟು ಬೀಳುತ್ತದೆ ಎಂಬ ಭಯ. ನಂಜುಂಡೇಶ್ವರನ ಸನ್ನಿಧಿಯ ಆಣೆ, ಸಂಗಮದಲ್ಲಿ ನೀರು ಮುಟ್ಟಿ ಕೊಟ್ಟ ಮಾತು, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ, ಹಿರಿಯರ ಮುಲಾಜು: ನಮ್ಮ ಹಳ್ಳಿಗಳ ವ್ಯವಹಾರ ನೂರಾರು ವರ್ಷ ನಡೆದದ್ದು ಇವುಗಳ ಮೇಲೆ. ಅಂಗೈ ಬೆವರುವವರ ನಡುವೆ ಇವು ಕಾಗದಕ್ಕಿಂತ ಗಟ್ಟಿ. ಅಂಗೈ ಬೆವರದವನಿಗೆ ಇವು ಎದುರಿನವರನ್ನು ನಂಬಿಸುವ ಸಾಧನ, ಬಿಟ್ಟರೆ ಬೇರೇನಿಲ್ಲ. ಆ ಷರತ್ತಿನ ಸಾಲಿಗೆ ಅವನು ಯಾಕೆ ನಕ್ಕು ಒಪ್ಪಿದ ಎಂಬುದೂ ಆಗ ತಿಳಿಯಿತು. ನಾಳೆಯ ಭಾರ ಅವನ ತಲೆಯ ಮೇಲೆ ಇರಲೇ ಇಲ್ಲ.

ಒರಟು ಮಾತಿನವರು, ಸಾವಿನ ಮನೆಯಲ್ಲಿ ಅಳಲಾಗದವರು, ಜನರ ಜೊತೆ ಬೆರೆಯದವರು, ಒಮ್ಮೆ ಮೋಸ ಮಾಡಿದವರು, ಇವರಿಗೆಲ್ಲ ಈ ಪಟ್ಟ ಕಟ್ಟುವುದು ಘೋರ ಅನ್ಯಾಯ. ಕಪಿಲೆಯ ಸೋಪಾನದ ಮೇಲೆ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾ ಕೂರುವವರಿಗೆ ಹುಡುಗರು ಕಲ್ಲು ಎಸೆಯುತ್ತಾರೆ. ಅವರಿಗಿರುವುದು ಬೇರೆಯದೇ ಕಾಯಿಲೆ, ಅದಕ್ಕೆ ಔಷಧಿ ಇದೆ, ಅವರಿಂದ ಜನಕ್ಕೆ ಆಗುವ ಹಾನಿಗಿಂತ ಜನರಿಂದ ಅವರಿಗೆ ಆಗುವ ಹಾನಿ ದೊಡ್ಡದು. ಅವರನ್ನು ಕಂಡು ದೂರ ಸರಿಯುವ ನಾವೇ ಎಳನೀರು ಕೊಟ್ಟವನ ಪಕ್ಕ ಹೋಗಿ ಕೂರುತ್ತೇವೆ. ಒಂದು ಘಟನೆಯಿಂದ ಯಾರನ್ನೂ ಅಳೆಯಬಾರದು. ಬೇರೆ ಬೇರೆ ಜನರ ಜೊತೆ, ಬೇರೆ ಬೇರೆ ಊರಲ್ಲಿ, ವರ್ಷಗಟ್ಟಲೆ ಅದೇ ಚಾಳಿ ಕಾಣಬೇಕು. ಅದಕ್ಕೆ ಊರವರು ಒಬ್ಬರಿಗೊಬ್ಬರು ಮಾತಾಡಬೇಕು. ಮನೆ ಮರ್ಯಾದೆ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡರೆ ನಂಜನಗೂಡಿನವರಿಗೆ ನರಸೀಪುರದ್ದು ತಿಳಿಯುವುದಿಲ್ಲ.

ಇಂಥ ವಿಷಯದಲ್ಲಿ ಬುದ್ಧಿವಾದ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಪಂಚಾಯ್ತಿ ಸೇರಿಸಿದರೆ ಇಂಥವರು ಪಂಚರನ್ನೇ ಒಲಿಸಿಕೊಳ್ಳುತ್ತಾರೆ. ಕೆಲಸ ಮಾಡಿದ್ದು ಬರವಣಿಗೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಕಲಂ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಅರವತ್ತು ತುಂಬಿದವರು ಕೊಟ್ಟ ಆಸ್ತಿಯನ್ನು, ಪಡೆದವನು ತಪ್ಪಿದರೆ, ನ್ಯಾಯಮಂಡಳಿ ರದ್ದು ಮಾಡಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿಯೇ ಆ ನ್ಯಾಯಮಂಡಳಿ. ಇಂಥ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದು ಎಂಬುದು ತೋರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ, ಈ ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕು ಎಂದಿತು. ಪತ್ರದಲ್ಲೇ ಆ ಸಾಲು ಇದ್ದುಬಿಟ್ಟರೆ ಷರತ್ತಿನ ಬಗ್ಗೆ ವಾದಕ್ಕೆ ಎಡೆಯೇ ಇಲ್ಲ. ಹೆದರಿಕೊಂಡ ಹಿರಿಯರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ಇಂಥವರ ಜೊತೆ ಬಾಳಿ ಮನಸ್ಸು ಮುರಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಅವ್ವನ ಅರ್ಜಿ ನಾನೇ ಬರೆದುಕೊಟ್ಟೆ. ವಿಚಾರಣೆಯ ದಿನ ಅವನು ಕೈಮುಗಿದು ಅತ್ತ. ಅಧಿಕಾರಿ ಪತ್ರದ ಸಾಲು ಓದಿದರು, ಅವ್ವ ಎಲ್ಲಿದ್ದಾಳೆ, ಔಷಧಿ ಯಾರು ಕೊಡಿಸುತ್ತಾರೆ ಎಂದು ಕೇಳಿದರು. ದಾನಪತ್ರ ರದ್ದಾಯಿತು, ಪಹಣಿ ಮತ್ತೆ ಅವ್ವನ ಹೆಸರಿಗೆ ಬಂತು. ಆದೇಶ ಕೈಗೆ ಬಂದ ದಿನ ಅವನು ನನ್ನ ಹತ್ತಿರ ಬಂದು, ‘ಒಳ್ಳೇ ಕೆಲ್ಸ ಮಾಡಿದ್ರಿ ಸಾರ್, ಅವ್ವಂಗೆ ನ್ಯಾಯ ಸಿಕ್ತು’ ಎಂದು ಟೀ ಕುಡಿಯಲು ಕರೆದ. ಮಾತಿನಲ್ಲಿ ಕೋಪದ ಸುಳಿವಿರಲಿಲ್ಲ, ನಾಚಿಕೆಯದೂ ಇರಲಿಲ್ಲ. ನಾನು ಹೋಗಲಿಲ್ಲ.

ಕೆಲವು ತಿಂಗಳಾದ ಮೇಲೆ ಇನ್ನೊಬ್ಬ ಮುದುಕರನ್ನು ಕೈಹಿಡಿದು ಕರೆತಂದ. ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಆ ಮುದುಕರನ್ನು ಒಬ್ಬರನ್ನೇ ಕೂರಿಸಿ ಎಲ್ಲ ವಿಚಾರಿಸಿದೆ. ಜಮೀನು ಬರೆದುಕೊಟ್ಟ ಮೇಲೆ ರಾತ್ರಿ ಊಟ ಎಲ್ಲಿ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, ಮಗಳನ್ನು ಕೇಳಿ ಬರುತ್ತೇನೆ ಎಂದು ಎದ್ದು ಹೋದರು. ಆ ಪತ್ರವನ್ನು ನಾನು ಬರೆಯಲಿಲ್ಲ.